ಯುದ್ಧವನ್ನು ಗುತ್ತಿಗೆಗೆ ಕೊಡಬಹುದೇ?

ಪರ: ಕಾವಲಿಗೆ ಕೂಲಿ ಕೊಟ್ಟರೆ ತಪ್ಪೇನಿದೆ?

ಖಾಸಗಿ ಸೇನಾ ಕಂಪನಿ ಎಂದೊಡನೆ ಕೊಲೆಗಡುಕರ ಪಡೆಯೇ ಕಣ್ಣಿಗೆ ಕಟ್ಟುತ್ತದೆ. ಆದರೆ ಇರಾಕ್, ಅಫ್ಗಾನಿಸ್ತಾನಗಳಲ್ಲಿ ಅಮೆರಿಕದ ಗುತ್ತಿಗೆಯಲ್ಲಿ ದುಡಿದವರಲ್ಲಿ ಹೆಚ್ಚಿನವರು ಅಡುಗೆಯವರು, ಲಾರಿ ಚಾಲಕರು, ರಿಪೇರಿ ಕೆಲಸದವರೇ ಆಗಿದ್ದರು. 1995ರಲ್ಲಿ ಬಂಡುಕೋರರು ಸಿಯೆರಾ ಲಿಯೋನಿನ ರಾಜಧಾನಿಯ ಹತ್ತಿರಕ್ಕೇ ಬಂದಾಗ ಅಲ್ಲಿನ ಸರ್ಕಾರಕ್ಕೆ ಹೆಗಲು ಕೊಟ್ಟದ್ದು ದೊಡ್ಡ ರಾಷ್ಟ್ರಗಳ ಸೇನೆಯಲ್ಲ, ದಕ್ಷಿಣ ಆಫ್ರಿಕಾದ ಎಕ್ಸಿಕ್ಯುಟಿವ್ ಔಟ್‌ಕಮ್ಸ್ ಕಂಪನಿಯ ಕೆಲವೇ ನೂರು ಜನ.

ಕೊಪ್ಪಳದಲ್ಲಿರುವ ನಮ್ಮ ಚಿಕ್ಕಪ್ಪ ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಏಡನ್ ಕೊಲ್ಲಿಯಲ್ಲಿ ಸರಕು ಹಡಗುಗಳ ಕಾವಲಿಗೆ ಹೋಗಿದ್ದರು. ಹಡಗಿನ ಅಂಚಿಗೆಲ್ಲ ಮುಳ್ಳುತಂತಿ ಸುತ್ತಿ, ರಾತ್ರಿಯಿಡೀ ದುರ್ಬೀನು ಹಿಡಿದು ಸಣ್ಣ ದೋಣಿಗಳ ಮೇಲೆ ಕಣ್ಣಿಡುತ್ತಿದ್ದೆವೆಂದೂ, ಬಂದೂಕು ಎತ್ತಿ ತೋರಿಸಿದರೆ ಸಾಕು, ಕಡಲ್ಗಳ್ಳರು ದೋಣಿ ತಿರುಗಿಸುತ್ತಿದ್ದರೆಂದೂ ಅವರು ಹೇಳುತ್ತಾರೆ. ಆ ಸಂಬಳದಲ್ಲಿ ಅವರ ಇಬ್ಬರು ಮಕ್ಕಳ ಓದು ಮುಗಿಯಿತು. ಇಂಥವರನ್ನು ಬಾಡಿಗೆ ಹಂತಕರೆಂದು ಕರೆಯುವುದನ್ನು ನಾನು ಸಹಿಸಲಾರೆ. ಹೊಣೆಗಾರಿಕೆಯ ಪ್ರಶ್ನೆಗೆ, ಇಂಥ ಕಂಪನಿಗಳ ಬಗ್ಗೆ ಸರ್ಕಾರಗಳ ಹೊಣೆಯೇನೆಂದು ಹೇಳುವ 2008ರ ಅಂತರರಾಷ್ಟ್ರೀಯ ಮಾಂಟ್ರೋ ದಾಖಲೆ ದಾರಿ ತೋರಿಸಿದೆ. ಸರ್ಕಾರಗಳು ಅದನ್ನು ಪಾಲಿಸಬೇಕು.

ವಿರೋಧ: ನಿಜಾಮರು ತೆತ್ತ ಬೆಲೆ ಬಳ್ಳಾರಿ

ಅಡುಗೆಯವರನ್ನೂ ಚಾಲಕರನ್ನೂ ಮುಂದಿಟ್ಟು ಯುದ್ಧದ ಗುತ್ತಿಗೆಯನ್ನು ಸಮರ್ಥಿಸುವವರು ಬಳ್ಳಾರಿಯ ಇತಿಹಾಸವನ್ನೇ ಮರೆತಿದ್ದಾರೆ. ಹೈದರಾಬಾದಿನ ನಿಜಾಮರು ತಮ್ಮ ರಕ್ಷಣೆಗೆ ಲಂಡನ್ನಿನ ಷೇರುದಾರರ ವ್ಯಾಪಾರಿ ಕಂಪನಿಯೊಂದರ ಸೈನ್ಯವನ್ನು ಇಟ್ಟುಕೊಂಡರು. ಅದರ ಖರ್ಚಿಗೆಂದು 1800ರಲ್ಲಿ ಬಳ್ಳಾರಿ, ಕಡಪ ಸೇರಿದ ಸೀಮೆಯನ್ನೇ ಆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲವೆಂದು ಕರೆಸಿಕೊಂಡ ಈ ನೆಲದ ರೈತ ಆ ಸೈನ್ಯವನ್ನು ಕರೆಸಿರಲಿಲ್ಲ. ಕಂದಾಯ ಮಾತ್ರ ಅವನ ಹೊಲದಿಂದ ಹೋಯಿತು.

ಇಂದಿಗೂ ನಡೆಯುತ್ತಿರುವುದು ಇದೇ. ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹೋದ ರಷ್ಯಾದ ವ್ಯಾಗ್ನರ್ ಎಂಬ ಖಾಸಗಿ ಪಡೆಯ ಹಿಂದೆಯೇ ಅದರ ನಂಟಿನ ಕಂಪನಿಗಳು ಚಿನ್ನದ ಗಣಿಗೂ ಕಾಡಿನ ಮರಕ್ಕೂ ಕೈಹಾಕಿದವು. ಗಣಿಯ ದುಡ್ಡು ಒಂದು ಊರನ್ನು ಏನು ಮಾಡುತ್ತದೆಂದು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಜೂನ್‌ನಲ್ಲಿ ಅದೇ ಪಡೆ ರೋಸ್ತೋವ್ ನಗರಕ್ಕೆ ನುಗ್ಗಿ, ತನ್ನನ್ನು ಸಾಕಿದ ಮಾಸ್ಕೋದತ್ತಲೇ ಹೊರಟಿತು.

ಬಾಗ್ದಾದಿನ ನಿಸೂರ್ ವೃತ್ತದಲ್ಲಿ 2007ರ ಸೆಪ್ಟೆಂಬರ್ 16ರಂದು ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಕಾವಲುಗಾರರ ಗುಂಡಿಗೆ 17 ನಾಗರಿಕರು ಬಲಿಯಾದರು. ವರ್ಷಗಟ್ಟಲೆ ವಿಚಾರಣೆ ನಡೆದು ಶಿಕ್ಷೆಗೊಳಗಾದ ನಾಲ್ವರನ್ನೂ 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಿಸಿದರು. ಸತ್ತವರ ಮನೆಯವರು ಇನ್ನು ಯಾರ ಬಾಗಿಲು ತಟ್ಟಬೇಕು?

ಪರರ ಯುದ್ಧಕ್ಕೆ ಆಳು ಹುಡುಕುವ ದಲ್ಲಾಳಿಗಳು ನಮ್ಮ ಭಾಗಕ್ಕೂ ಕೈಚಾಚಿದ್ದಾರೆ. ಭದ್ರತಾ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಹುಡುಗರು ಉಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದದ್ದು 2024ರಲ್ಲಿ ಬಯಲಾಯಿತು. ಬಳ್ಳಾರಿಯ ಬಸ್ ನಿಲ್ದಾಣದ ಕಂಬಗಳ ಮೇಲೆ ಮೊಬೈಲ್ ನಂಬರ್ ಮಾತ್ರ ಇರುವ, ಕಂಪನಿಯ ಹೆಸರೇ ಇಲ್ಲದ ‘ವಿದೇಶದಲ್ಲಿ ಸೆಕ್ಯುರಿಟಿ ಕೆಲಸ’ದ ಚೀಟಿಗಳನ್ನು ನಾನೇ ಕಂಡಿದ್ದೇನೆ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದ ಏಜೆಂಟರ ಮೇಲೆ ಜಿಲ್ಲಾಡಳಿತ ಕೂಡಲೇ ಕ್ರಮ ಕೈಗೊಳ್ಳಬೇಕು.