ಬಾಣಂತಿಯ ರಾತ್ರಿಗೆ ಯಾರ ಸರದಿ?

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳುವಿಗೆ ಹಸಿವು ಜಾಸ್ತಿ. ಆ ಏಳೆಂಟು ದಿನ ರಾತ್ರಿಯೂ ಸೊಪ್ಪು ಹಾಕಬೇಕು. ಅದಕ್ಕೆ ಮನೆಯಲ್ಲಿ ಸರದಿ ಇತ್ತು. ಹತ್ತು ಗಂಟೆಗೆ ಅಪ್ಪ, ಎರಡು ಗಂಟೆಗೆ ಚಿಕ್ಕಪ್ಪ, ಬೆಳಗಿನ ಜಾವಕ್ಕೆ ಅಮ್ಮ. ಒಬ್ಬರೇ ಇಡೀ ರಾತ್ರಿ ಎದ್ದಿದ್ದರೆ ಮಾರನೇ ದಿನ ಕೈ ಕಾಲು ಆಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಅದೇ ಮನೆಯಲ್ಲಿ ಅಕ್ಕನ ಬಾಣಂತನವೂ ಆಯಿತು. ಹೆರಿಗೆ ಕಷ್ಟವಾಗಿತ್ತು. ಮಗು ಹುಟ್ಟಿದ ಮೇಲೆ ರಕ್ತ ಹೋಗುವುದು ನಿಲ್ಲದೆ ಎರಡು ಬಾಟಲಿ ರಕ್ತ ಹಾಕಿದ್ದರು. ಮನೆಗೆ ಬಂದ ಮೇಲೆ ಆರೈಕೆಗೆ ಏನೂ ಕಮ್ಮಿ ಇರಲಿಲ್ಲ. ಮೈಗೆ ಎಣ್ಣೆ, ಹಂಡೆ ತುಂಬ ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಸಬ್ಬಕ್ಕಿ ಸೊಪ್ಪು. ಆದರೆ ಕೋಣೆಯ ಕಿಟಕಿ ತೆಗೆಯುವ ಹಾಗಿರಲಿಲ್ಲ. ಗಾಳಿ ತಾಗಬಾರದು, ಬೆಳಕು ಬೀಳಬಾರದು. ಹಗಲು ಮಲಗಿದರೆ ಮೈ ಊದುತ್ತೆ ಅಂತ ಅಜ್ಜಿ ಎಬ್ಬಿಸುತ್ತಿದ್ದರು. ರಾತ್ರಿ ಮಗು ಎಬ್ಬಿಸುತ್ತಿತ್ತು.

ಹತ್ತನೇ ದಿನದಿಂದ ಮಗು ಮಲಗಿದರೂ ಅಕ್ಕನಿಗೆ ನಿದ್ದೆ ಬರಲಿಲ್ಲ. ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಆಮೇಲೆ ಇದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದ್ದಾರೆ ಅಂದಳು. ಊರಲ್ಲಿ ಇದಕ್ಕೆ ಮೊದಲೇ ಹೆಸರಿದೆ: ಬಾಣಂತಿ ಸನ್ನಿ. ದೃಷ್ಟಿ ತೆಗೆದರು, ಯಂತ್ರ ಕಟ್ಟಿಸಿದರು. ಹೀಗೇ ಒಂದು ವಾರ ಹೋಯಿತು. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಮಾತ್ರೆ ಶುರುವಾದ ಮೇಲೆ ಮೊದಲು ವಾಪಸ್ ಬಂದಿದ್ದು ನಿದ್ದೆ. ಅಕ್ಕ ಪೂರ್ತಿ ಹುಷಾರಾಗಲು ಮೂರು ತಿಂಗಳು ಹಿಡಿಯಿತು. ಆ ಒಂದು ವಾರ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ಓದಿ ತಿಳಿದುಕೊಂಡಿದ್ದೇನೆ. ಈ ಸನ್ನಿ ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುತ್ತೆ. ನಿದ್ದೆ ಹಾರಿಹೋಗುವುದೇ ಅದರ ಮೊದಲ ಗುರುತುಗಳಲ್ಲಿ ಒಂದು. ಅವತ್ತೇ ಆಸ್ಪತ್ರೆಗೆ ಓಡಬೇಕಾದ ಕಾಯಿಲೆ ಅದು. ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರುವುದು ಹೆರಿಗೆ ನಂತರದ ಖಿನ್ನತೆ. ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂತು. ಅದರ ಪ್ರಕಾರ ನೂರರಲ್ಲಿ 22 ತಾಯಂದಿರಿಗೆ ಖಿನ್ನತೆ. ತುರ್ತು ಸಿಸೇರಿಯನ್, ವಿಪರೀತ ರಕ್ತಸ್ರಾವ, ಮಗುವನ್ನು ಐಸಿಯುನಲ್ಲಿ ಇಡಬೇಕಾಗಿ ಬರುವುದು, ಇಂಥವು ಆದವರ ಮನಸ್ಸಿಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ. ಎಲ್ಲರಿಗೂ ಹಾಗೆ ಆಗಲ್ಲ. ಆದರೆ ಅಂಥವರ ಮೇಲೆ ಒಂದು ಕಣ್ಣು ಇಡಬೇಕು. ನಾವು ಅಕ್ಕನ ಹೊಲಿಗೆ ನೋಡಿದೆವು, ಹಾಲು ನೋಡಿದೆವು. ನಿದ್ದೆ ನೋಡಲಿಲ್ಲ.

ಒಂಬತ್ತು ವರ್ಷದ ನಂತರ ನನ್ನ ಹೆಂಡತಿಯ ಹೆರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆಯಿತು. ಇಲ್ಲಿ ಕ್ರಾಮ್‌ಜೋರ್ಖ್ ಅಂತ ಒಂದು ಪದ್ಧತಿ ಇದೆ. ಆ ಪದದ ಅರ್ಥವೇ ಬಾಣಂತಿ ಆರೈಕೆ. ಹೆರಿಗೆಯಾದ ಮೊದಲ ಎಂಟು ಹತ್ತು ದಿನ ತರಬೇತಿ ಪಡೆದ ಒಬ್ಬ ಹೆಂಗಸು ಮನೆಗೇ ಬರುತ್ತಾರೆ. ಒಟ್ಟು ಸುಮಾರು 49 ಗಂಟೆ. ಖರ್ಚಿನ ಹೆಚ್ಚು ಪಾಲು ವಿಮೆಯದು. ಅವರು ಬಗ್ಗಿ ಕೆಲಸ ಮಾಡಿ ಬೆನ್ನು ನೋಯಿಸಿಕೊಳ್ಳಬಾರದು ಅಂತ ಮಂಚದ ಕಾಲಿನ ಕೆಳಗೆ ದಿಮ್ಮಿ ಇಟ್ಟು ಎತ್ತರಿಸಬೇಕು. ಮಗುವಿನ ತೂಕ, ತಾಯಿಯ ಜ್ವರ, ಹೊಲಿಗೆ ನೋಡುತ್ತಾರೆ. ಬಚ್ಚಲು ತೊಳೆಯುತ್ತಾರೆ. ಮಗು ನೋಡಲು ಬಂದವರಿಗೆ ಬೆಣ್ಣೆ ಹಚ್ಚಿದ ರಸ್ಕ್ ಮೇಲೆ ಸಕ್ಕರೆ ಮೆತ್ತಿದ ಸೋಂಪು ಉದುರಿಸಿ ಕೊಡುತ್ತಾರೆ. ಸೋಂಪು ತಿಂದರೆ ಹಾಲು ಚೆನ್ನಾಗಿ ಬರುತ್ತೆ ಅನ್ನುವ ನಂಬಿಕೆ ಇಲ್ಲೂ ಇದೆ. ನಮ್ಮಮ್ಮನಿಗೆ ಅದನ್ನು ಕೇಳಿ ಎಷ್ಟು ಖುಷಿಯಾಯಿತೋ!

ಮಧ್ಯಾಹ್ನ ಒಂದರಿಂದ ಮೂರು ಗಂಟೆ ಯಾರೂ ಬೆಲ್ ಮಾಡಬಾರದು ಅಂತ ಅವರು ಬಾಗಿಲಿಗೆ ಚೀಟಿ ಅಂಟಿಸಿದರು. ಆಗ ಬಾಣಂತಿ ಮಲಗಲೇಬೇಕು. ಬೆಳಿಗ್ಗೆ ಬಂದ ತಕ್ಷಣ ಕೇಳುತ್ತಿದ್ದುದು ಒಂದೇ ಪ್ರಶ್ನೆ: ರಾತ್ರಿ ಎಷ್ಟು ಹೊತ್ತು ಮಲಗಿದೆ? ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಪರದೆ ಸರಿಸಿ ಬೆಳಕು ಬಿಡುತ್ತಿದ್ದರು. ಅದಕ್ಕೆ ಕಾರಣ ಇದೆ. ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರ ನಮ್ಮ ಮೆದುಳಿನಲ್ಲಿದೆ. ಅದು ಹೊರಗಿನ ಹಗಲು ರಾತ್ರಿಗೆ ಹೊಂದಿಕೊಳ್ಳುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕಿನಿಂದ. ಹುಟ್ಟಿದ ಮಗುವಿಗೆ ಆ ಲೆಕ್ಕ ಕೂಡಿಬರಲು ಎರಡು ಮೂರು ತಿಂಗಳು ಬೇಕು. ನಿದ್ದೆ ತರುವ ಮೆಲಟೋನಿನ್ ರಾತ್ರಿಯ ಎದೆಹಾಲಿನಲ್ಲಿ ಇರುತ್ತೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಅಕ್ಕನ ಕತ್ತಲೆ ಕೋಣೆಯಲ್ಲಿ ತಾಯಿಗೂ ಮಗುವಿಗೂ ಹಗಲು ಯಾವುದು, ರಾತ್ರಿ ಯಾವುದು ಅಂತ ಹೇಳುವವರೇ ಇರಲಿಲ್ಲ.

ಹಾಗಂತ ಇಲ್ಲಿಯದೇ ಸರಿ, ನಮ್ಮದು ತಪ್ಪು ಅಂತ ನಾನು ಹೇಳಲಾರೆ. ಆ ಹೆಂಗಸು ಸಂಜೆಯೊಳಗೆ ಮನೆಗೆ ಹೋಗುತ್ತಾರೆ. ಹತ್ತನೇ ದಿನದ ಮೇಲೆ ಬರುವುದೇ ಇಲ್ಲ. ನೆರೆಯವರು ಮೊದಲೇ ಟೈಮ್ ಕೇಳಿಕೊಂಡು ಬಂದು ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ರಾತ್ರಿ ಗಂಡ ಹೆಂಡತಿ ಇಬ್ಬರೇ. ಇಲ್ಲಿಯ ಎಷ್ಟೋ ತಾಯಂದಿರು ಆ ಒಂಟಿತನಕ್ಕೇ ಸೋತುಹೋಗುತ್ತಾರೆ. ನಮ್ಮ ಪುಣ್ಯ, ಮೂರು ತಿಂಗಳ ವೀಸಾದಲ್ಲಿ ಅಮ್ಮ ಬಂದಿದ್ದರು. ರಾತ್ರಿ ಒಂಬತ್ತಕ್ಕೆ ಮಗುವಿಗೆ ಹಾಲು ಕುಡಿಸಿ ನನ್ನ ಹೆಂಡತಿ ಇನ್ನೊಂದು ಕೋಣೆಗೆ ಹೋಗಿ ಮಲಗುತ್ತಿದ್ದಳು. ಮಧ್ಯೆ ಮಗು ಎದ್ದರೆ ತೆಗೆದಿಟ್ಟ ಹಾಲನ್ನು ಅಮ್ಮ ಒಳಲೆಯಲ್ಲಿ ಹಾಕುತ್ತಿದ್ದರು. ಹೀಗೆ ಅವಳಿಗೆ ದಿನಾ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಕ್ಕಿತು. ಒಂದು ರಾತ್ರಿ ಅಮ್ಮ ಮಗು ತೂಗುತ್ತಾ, "ನಿಮ್ಮಕ್ಕನಿಗೂ ಹೀಗೆ ಮಾಡಬಹುದಿತ್ತು ಅಲ್ವಾ?" ಅಂದರು. ಮಾಡಿದ್ದರೆ ಅವಳಿಗೆ ಕಾಯಿಲೆ ಬರುತ್ತಿರಲಿಲ್ಲ ಅಂತ ಯಾರೂ ಹೇಳಲಾಗದು, ಅಮ್ಮ. ಆದರೆ ನಿದ್ದೆ ಕೆಟ್ಟಿದೆ ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು.

ನಮ್ಮ ಕಡೆ ಕೈಗಳಿಗೆ ಬರ ಇಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರೂ ಇರುತ್ತಾರೆ. ಅವರು ಬಚ್ಚಲ ಮನೆ, ಅಡುಗೆ ಮನೆ ಹಂಚಿಕೊಂಡ ಹಾಗೆ ರಾತ್ರಿಯನ್ನೂ ಹಂಚಿಕೊಳ್ಳಬೇಕು. ಬೆಳಿಗ್ಗೆ ಬಾಣಂತಿಯನ್ನು ಜಗಲಿಯ ಬಿಸಿಲಲ್ಲಿ ಸ್ವಲ್ಪ ಕೂರಿಸಬೇಕು. ಹಗಲು ಕಣ್ಣು ಎಳೆದರೆ ಮಲಗಲು ಬಿಡಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯರೂ ನಮಗೆ ದೊಡ್ಡ ಆಸ್ತಿ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಬರುತ್ತಾರೆ. ಮಗುವನ್ನು ತೂಗಿ, ಮೈ ಬಿಸಿ ನೋಡುತ್ತಾರೆ. ಹಾಗೆಯೇ, "ಏನಮ್ಮಾ, ಮಗು ಮಲಗಿದಾಗ ನಿನಗೂ ನಿದ್ದೆ ಬರ್ತಿದೆಯಾ?" ಅಂತಲೂ ಕೇಳಲಿ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದವರು ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿಯಲ್ಲೂ ದುಃಖದಿಂದ ನಿದ್ದೆ ಕೆಡುತ್ತಿದೆಯಾ ಅನ್ನುವ ಪ್ರಶ್ನೆ ಇದೆ. ಅದು ಕನ್ನಡದಲ್ಲೂ ಇದೆ. ನಿದ್ದೆ ಬರ್ತಿಲ್ಲ ಅಂತ ಬಾಣಂತಿ ಹೇಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಬಾಣಂತಿ ಏನೇನೋ ಮಾತಾಡುತ್ತಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ.

ನಮ್ಮ ಚಿಕ್ಕಪ್ಪನ ಮಗಳು ಈಗ ಏಳು ತಿಂಗಳ ಬಸುರಿ. ಹೋದ ಭಾನುವಾರ ಫೋನಿನಲ್ಲಿ ಇದನ್ನೆಲ್ಲಾ ಅಕ್ಕನಿಗೆ ಹೇಳಲು ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದಳು. "ಚಿಕ್ಕಮ್ಮನ ಹತ್ತಿರ ಆಗಲೇ ಮಾತಾಡಿದೀನಿ ಕಣೋ. ಆ ಕೋಣೆ ಕಿಟಕಿ ತೆಗೆಸ್ತೀನಿ. ರಾತ್ರಿ ಒಂಬತ್ತರಿಂದ ಎರಡು ಗಂಟೆವರೆಗೂ ಸರದಿ ನಂದು."