ಜ್ವಾಲಾಮುಖಿ ಖಾಲಿ, ಮಳೆನೀರು ಕೊಯ್ಲು ಇದೆ

ನಿನ್ನೆ ಸಂಜೆ ಸ್ಟೇಷನರಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು. ಒಬ್ಬರು ಸ್ಕೂಟಿಯಿಂದ ಇಳಿಯದೆಯೇ, "ಅಣ್ಣಾ, ಜ್ವಾಲಾಮುಖಿ ಇದೆಯಾ?" ಅಂದರು.

"ಖಾಲಿ ಆಯ್ತು ಮೇಡಂ. ಮಳೆನೀರು ಕೊಯ್ಲು ಇದೆ, ಕೊಡ್ಲಾ?"

ಆ ರೆಡಿಮೇಡ್ ಮಾಡೆಲ್ ತಗೊಂಡು ಹೋದರು. ಇಷ್ಟೊತ್ತಿಗೆ ಶಾಲೆಯಲ್ಲಿ ಮಗು ಅದರ ಪಕ್ಕ ನಿಂತು ಬಾಯಿಪಾಠದ ನಾಲ್ಕು ಸಾಲು ಒಪ್ಪಿಸಿರುತ್ತದೆ. ವಿಜ್ಞಾನ ವಸ್ತುಪ್ರದರ್ಶನವಂತೆ!

ನಮ್ಮಪ್ಪನ ಸೈಕಲ್ ಶಾಪ್ ನೋಡಿದವರಿಗೆ ನನಗೆ ಯಾಕೆ ಉರಿಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಿದ್ದಿರುತ್ತಿದ್ದ ವಾಲ್‌ಟ್ಯೂಬ್ (ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಚೂರುಗಳೇ ನಮ್ಮ ಆಟದ ಸಾಮಾನು. ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಅವರಿಗೂ ಅಷ್ಟೇ ಸಾಕಾಗಿತ್ತು. ಕಾನ್ಪುರ ಐಐಟಿಯಲ್ಲಿ ಓದಿದ ಮನುಷ್ಯ. 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಕಡೆಯ ಹಳ್ಳಿ ಶಾಲೆಗಳಿಗಾಗಿ ಬೆಂಕಿಕಡ್ಡಿಗಳನ್ನು ವಾಲ್‌ಟ್ಯೂಬ್ ಚೂರಿಗೆ ಸಿಕ್ಕಿಸಿ ಆಕಾರ ಕಟ್ಟಿದರು. ಚೌಕ ಮಾಡಿ ಒತ್ತಿದರೆ ಸೊಟ್ಟಗಾಗುತ್ತದೆ. ತ್ರಿಕೋನ ಮಾಡಿ ಒತ್ತಿ, ಜಪ್ಪಯ್ಯ ಅಂದರೂ ಬಾಗಲ್ಲ. ಕರೆಂಟ್ ಟವರ್ ತುಂಬಾ ಅಷ್ಟೊಂದು ತ್ರಿಕೋನ ಯಾಕಿವೆ ಅಂತ ಮಗುವಿನ ಬೆರಳಿಗೇ ಗೊತ್ತಾಯಿತಲ್ಲ! ಖರ್ಚು ಒಂದು ಬೆಂಕಿಪೊಟ್ಟಣ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾವು ಚಪ್ಪಾಳೆ ತಟ್ಟಿ, ರೆಡಿಮೇಡ್ ಥರ್ಮಾಕೋಲ್ ಮಾಡೆಲ್ ತರಲು ಹೊರಟೆವು.

ದುಡ್ಡಿಲ್ಲ ಅನ್ನಬೇಡಿ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ ಯೋಜನೆಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳು ತ್ರೀಡಿ ಪ್ರಿಂಟರ್, ಸೆನ್ಸರ್ ಹಿಡಿದು ಕೈಯಾರೆ ಏನಾದರೂ ಮಾಡಲಿ ಅಂತಲೇ ಅದು ಇರೋದು. ನಾನು ನೋಡಿದ ಒಂದು ಶಾಲೆಯಲ್ಲಿ ಆ ಕೋಣೆಗೆ ಬೀಗ. ಯಾಕೆ ಸರ್ ಅಂದರೆ, "ಮಕ್ಕಳು ಮುಟ್ಟಿದ್ರೆ ಹಾಳಾಗುತ್ತೆ." ಹಾಳಾಗಲಿ ಸ್ವಾಮಿ! ಮುಟ್ಟಬಾರದು ಅಂದ್ರೆ ದೇವರ ಫೋಟೋ ಇಟ್ಟು ಊದಿನಕಡ್ಡಿ ಹಚ್ಚಿ.

ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ ಟೈಮ್ ಎಲ್ಲಿದೆ ಅಂತೀರಿ. ನಿಜ, ಇಲ್ಲ. ಆದರೆ ನೀವು ಮಾಡಿ ಅಂತ ಹೇಳಿದ್ದು ಯಾರು? ಮಗು ಮಾಡಲಿ. ಸೊಟ್ಟಗಿರಲಿ, ಗೋಂದು ಸೋರಲಿ, ಅರ್ಧಕ್ಕೇ ನಿಲ್ಲಲಿ. ಸ್ಕೂಟಿ ಮೇಡಂ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸೊಟ್ಟಗಿರೋದನ್ನು ಹಿಂದಿನ ಬೆಂಚಿಗೆ ತಳ್ಳಿ, ಅಂಗಡಿ ಮಾಲಿಗೆ ಫಸ್ಟ್ ಪ್ರೈಜ್ ಕೊಡುವ ತೀರ್ಪುಗಾರರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಅಂದಹಾಗೆ, ಮುಂದಿನ ತಿಂಗಳು ತೀರ್ಪುಗಾರಳಾಗಿ ಬನ್ನಿ ಅಂತ ಒಂದು ಶಾಲೆಯವರು ನನ್ನನ್ನೇ ಕರೆದಿದ್ದಾರೆ. ನನ್ನದು ಒಂದೇ ಪ್ರಶ್ನೆ. "ಪುಟ್ಟಾ, ಇದನ್ನ ಬಿಚ್ಚಿ ಮತ್ತೆ ಜೋಡಿಸ್ತೀಯಾ?" ಆಮೇಲೆ ಅವರು ನನ್ನನ್ನು ಇನ್ನೊಂದು ಸಲ ಕರೆಯಲ್ಲ, ಅದೂ ಗೊತ್ತು.