ಹೊರಗೋಡೆ ಊರಿನದು, ಒಳಗಿನ ಮನೆ ನಿಮ್ಮದು

ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್‌ನಲ್ಲಿ ದೊಡ್ಡ ಮನೆ ಕೊಳ್ಳುವವರು ಒಳಗನ್ನು ಬಹುಮಟ್ಟಿಗೆ ತಮ್ಮದಾಗಿಯೂ ಹೊರಗನ್ನು ಷರತ್ತಿನ ಮೇಲೂ ಕೊಳ್ಳುತ್ತಾರೆ. ಈ ಷರತ್ತಿನ ಬಗ್ಗೆ ಇಲ್ಲಿನ ನಮ್ಮ ಕನ್ನಡ ಗೆಳೆಯರಲ್ಲಿ ಆಗಾಗ ವಾದ ನಡೆಯುತ್ತದೆ. ಅಷ್ಟು ದುಡ್ಡು ಸುರಿದ ಮೇಲೂ ನಮ್ಮ ಬೇಲಿ ಕೀಳಲು ಇನ್ನೊಬ್ಬರ ಅಪ್ಪಣೆ ಬೇಕೇ ಎಂಬುದು ಅವರ ತಕರಾರು. ಬೇಕು, ಬೇಕಾಗಿರುವುದೇ ಸರಿ ಎನ್ನುವವನು ನಾನು.

ಈ ಬಡಾವಣೆ ಹುಟ್ಟಿದ ಬಗೆಯನ್ನು ತಿಳಿಯದೆ ಆ ಷರತ್ತು ಅರ್ಥವಾಗುವುದಿಲ್ಲ. ಹೆನ್ರಿಯೆಟ್ಟಾ ಬಾರ್ನೆಟ್ ಎಂಬಾಕೆ ತನ್ನ ಪಾದ್ರಿ ಗಂಡನೊಡನೆ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನ ಕಡುಬಡವರ ನಡುವೆ ದಶಕಗಳ ಕಾಲ ದುಡಿದವಳು. 1884ರಲ್ಲಿ ಅಲ್ಲಿ ಟಾಯ್ನ್‌ಬೀ ಹಾಲ್ ಎಂಬ ಸಮಾಜಸೇವಾ ಕೇಂದ್ರವನ್ನು ಸ್ಥಾಪಿಸಿದವರು ಈ ದಂಪತಿಗಳೇ. ಗೋಲ್ಡರ್ಸ್ ಗ್ರೀನ್‌ಗೆ ಭೂಗತ ರೈಲು ಬರುತ್ತದೆಂದು ಗೊತ್ತಾದಾಗ, ಸುತ್ತಲಿನ ಹೊಲಗಳೆಲ್ಲ ಸಾಲುಮನೆಗಳಿಂದ ತುಂಬಿಹೋಗುತ್ತವೆ ಎಂದು ಆಕೆ ಹೆದರಿದಳು. ಮೊದಲು ಹ್ಯಾಂಪ್‌ಸ್ಟೆಡ್ ಹೀತ್ ಬಯಲಿಗೆ ಹೊಂದಿಕೊಂಡ 80 ಎಕರೆಯನ್ನು ಸಾರ್ವಜನಿಕರಿಗಾಗಿ ಉಳಿಸಲು ಹೋರಾಡಿದಳು, ಆಮೇಲೆ ಟ್ರಸ್ಟ್ ಕಟ್ಟಿಸಿ 1907ರಲ್ಲಿ ಈಟನ್ ಕಾಲೇಜಿನಿಂದ 243 ಎಕರೆ ಕೊಳ್ಳಿಸಿದಳು. ಎಕರೆಗೆ ಸರಾಸರಿ ಎಂಟು ಮನೆಗಿಂತ ಹೆಚ್ಚು ಇರಬಾರದೆಂದು 1906ರಲ್ಲಿ ಪಾರ್ಲಿಮೆಂಟ್ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ರಸ್ತೆಯ ಬದಿಗೆ ಮರಗಳು, ಮನೆ ಮನೆಗಳ ನಡುವೆ ಗೋಡೆಯ ಬದಲು ಹಸಿರು ಬೇಲಿ, ಚರ್ಚಿನ ಗಂಟೆಯ ಸದ್ದಿಗೂ ಕಡಿವಾಣ. ನಕ್ಷೆ ಬರೆದವರು ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್. ನಡುವಿನ ಚೌಕ ಮತ್ತು ಚರ್ಚುಗಳನ್ನು ರೂಪಿಸಿದ ಎಡ್ವಿನ್ ಲ್ಯುಟೆನ್ಸ್ ಮುಂದೆ ದೆಹಲಿಗೆ ಬಂದು ಇಂದಿನ ರಾಷ್ಟ್ರಪತಿ ಭವನವನ್ನು ಕಟ್ಟಿದರು.

ಕಷ್ಟ ಎದುರಾದದ್ದು 1967ರಲ್ಲಿ. ದೀರ್ಘಾವಧಿ ಲೀಸ್‌ನಲ್ಲಿ ಮನೆ ಹೊಂದಿದವರು ನೆಲದ ಒಡೆತನವನ್ನೂ ಕೊಂಡುಕೊಳ್ಳಬಹುದು ಎಂಬ ಕಾಯಿದೆ ಆ ವರ್ಷ ಬಂತು. ಅಲ್ಲಿಯವರೆಗೆ ಭೂಮಾಲೀಕರು ಲೀಸಿನ ಕರಾರಿನ ಬಲದಿಂದ ಎಲ್ಲವನ್ನೂ ಕಾಯ್ದುಕೊಂಡಿದ್ದರು. ಮಾಲೀಕತ್ವವೇ ಕೈತಪ್ಪಿದರೆ ಆ ಕರಾರಿಗೆ ಬೆಲೆಯೆಲ್ಲಿ? ಅದೇ ಕಾಯಿದೆಯಲ್ಲಿದ್ದ ಒಂದು ಅವಕಾಶವನ್ನು ಹಿಡಿದು 1974ರಲ್ಲಿ ಹೈಕೋರ್ಟಿನ ಒಪ್ಪಿಗೆಯೊಂದಿಗೆ ನಿರ್ವಹಣಾ ಯೋಜನೆಯೊಂದನ್ನು ಜಾರಿಗೆ ತಂದರು. ಪೂರ್ಣ ಒಡೆತನ ಪಡೆದವರೂ ಮನೆಯ ಹೊರರೂಪ ಬದಲಿಸಬೇಕಾದರೆ ಟ್ರಸ್ಟಿನ ಒಪ್ಪಿಗೆ ಪಡೆಯಬೇಕು, ವರ್ಷವರ್ಷ ಒಂದಿಷ್ಟು ಶುಲ್ಕ ಕೊಡಬೇಕು. ಮನೆ ಎಷ್ಟು ಕೈ ಬದಲಾದರೂ ಈ ಕಟ್ಟುಪಾಡು ಅದರ ಜೊತೆಗೇ ಹೋಗುತ್ತದೆ. ಸ್ಥಳೀಯ ಆಡಳಿತವಾದ ಬಾರ್ನೆಟ್ ಬರೋ ಕೌನ್ಸಿಲ್ಲಿನ ಪರವಾನಗಿ ಇದಲ್ಲದೆ ಬೇರೆ. (ನಮ್ಮ ಬಸವನಗುಡಿ, ಮಲ್ಲೇಶ್ವರಗಳು ಇದಕ್ಕಿಂತ ಕೆಲವೇ ವರ್ಷ ಹಿರಿಯವು, ಪ್ಲೇಗಿನ ಕಾಲದವು. ಅಲ್ಲಿ ಹಳೆಯ ಮನೆಯ ಕ್ರಯಪತ್ರದ ಮಸಿ ಆರುವ ಮೊದಲೇ ಜೆಸಿಬಿ ಗೇಟಿನ ಮುಂದೆ ನಿಂತಿರುತ್ತದೆ.)

ಕೊಳ್ಳುವ ಮನಸ್ಸಿದ್ದ ಪರಿಚಿತರೊಬ್ಬರ ಜೊತೆ ಅಂಥದೊಂದು ಮನೆಯನ್ನು ನೋಡಲು ನಾನೂ ಹೋಗಿದ್ದೆ. ಕಡಿದಾದ ಹೆಂಚಿನ ಮಾಡು, ಎತ್ತರದ ಇಟ್ಟಿಗೆ ಚಿಮಣಿ, ಸೀಸದ ಪಟ್ಟಿಗಳಲ್ಲಿ ಕೂರಿಸಿದ ಪುಟ್ಟ ಗಾಜಿನ ಚೌಕಗಳ ಕಿಟಕಿ. ಕಿಟಕಿಯ ಹತ್ತಿರ ಕೈಯಿಟ್ಟರೆ ತಣ್ಣನೆಯ ಗಾಳಿ ಬೆರಳಿಗೆ ತಾಗುತ್ತಿತ್ತು. ಕಿಟಕಿಯನ್ನೇ ಮನಸ್ಸು ಬಂದಂತೆ ಬದಲಿಸುವಂತಿಲ್ಲ, ಒಳಗಡೆಯಿಂದ ಇನ್ನೊಂದು ಪದರ ಗಾಜು ಹಾಕಿಸಿಕೊಳ್ಳಬಹುದು ಎಂದು ಏಜೆಂಟ್ ಸಮಾಧಾನ ಹೇಳಿದ. ಚಳಿಗಾಲದ ಗ್ಯಾಸ್ ಬಿಲ್ಲು ನೆನೆದರೆ ಇಂಥ ನಿಯಮ ಯಾರಿಗೂ ಸಿಟ್ಟು ತರಿಸುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪರಿಚಿತರನ್ನು ಅಲ್ಲಿಗೆ ಎಳೆದು ತಂದದ್ದು ಆ ಬೀದಿಯ ಚೆಲುವೇ. ನೆರೆಯವರೆಲ್ಲ ಬೇಲಿ ಕಿತ್ತು ಕಾರಿಗೆ ಕಲ್ಲು ಹಾಸಿಕೊಂಡಿದ್ದರೆ ಅವರು ಆ ಬೀದಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎದುರುಮನೆಯವರು ನಿಯಮ ಪಾಲಿಸಲಿ, ನಮಗೆ ಮಾತ್ರ ವಿನಾಯಿತಿ ಇರಲಿ ಎನ್ನುವುದು ಯಾವ ನ್ಯಾಯ?

ನನಗೆ ನಿಜವಾಗಿ ಬೇಸರವಿರುವುದು ಬೇರೆಯದರ ಬಗ್ಗೆ. ಹೆನ್ರಿಯೆಟ್ಟಾ ಬಾರ್ನೆಟ್ ಬಯಸಿದ್ದು ಎಲ್ಲ ಆದಾಯದವರೂ ಒಂದೇ ಊರಿನಲ್ಲಿ ಬಾಳುವುದನ್ನು. ಉತ್ತರದ ತುದಿಯಲ್ಲಿ ಕುಶಲಕರ್ಮಿಗಳಿಗೆ ಕಡಿಮೆ ಬಾಡಿಗೆಯ ಪುಟ್ಟ ಮನೆಗಳು ಎದ್ದವು. ಒಂಟಿಯಾಗಿದ್ದು ದುಡಿಯುವ ಹೆಣ್ಣುಮಕ್ಕಳಿಗಾಗಿ ಬೇಯ್ಲಿ ಸ್ಕಾಟ್ ರೂಪಿಸಿದ ವಾಟರ್ಲೋ ಕೋರ್ಟ್ 1909ರಲ್ಲಿ ತೆರೆಯಿತು. ಆ ಮನೆಗಳ ಹೆಂಚು, ಬೇಲಿ ಎಲ್ಲವೂ ಇಂದಿಗೂ ಭದ್ರವಾಗಿವೆ. ಆದರೆ ಯಾರಿಗಾಗಿ ಕಟ್ಟಿದರೋ ಅಂಥವರಿಗೆ ಅವು ಈಗ ಕೈಗೆಟುಕುವುದಿಲ್ಲ. ಇಟ್ಟಿಗೆ ಕಾಯಲು ಕೋರ್ಟಿನವರೆಗೆ ಹೋದವರು ಬಾಡಿಗೆಯನ್ನು ಕಾಯಲು ಅಷ್ಟೇ ಬಲವಾದ ಏರ್ಪಾಟೊಂದನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂಬುದು ನನ್ನ ಕೊರಗು. ಬೀದಿ ಚೆಂದವಾದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ಬಡವರು ದೂರವಾದರು. ಬಡಾವಣೆಯೊಳಗೆ ಅಂಗಡಿ, ಪಬ್ಬುಗಳು ಬೇಡವೆಂದು ಆಗ ತೀರ್ಮಾನಿಸಿದ್ದೂ ನನಗೆ ಒಪ್ಪಿಗೆಯಿಲ್ಲ. ಒಂದು ಕಟ್ಟು ಕೊತ್ತಂಬರಿಗೂ ಟೆಂಪಲ್ ಫಾರ್ಚೂನ್‌ಗೋ ಗೋಲ್ಡರ್ಸ್ ಗ್ರೀನ್‌ಗೋ ಹೋಗಬೇಕು, ವಯಸ್ಸಾದವರಿಗೆ ಇದು ಸಣ್ಣ ಮಾತಲ್ಲ.

ಇಷ್ಟಾದರೂ ಕೊಳ್ಳುತ್ತೇವೆ ಎನ್ನುವವರಿಗೆ ಲೆಕ್ಕದ ಮಾತು. ಇರುವುದೊಂದೇ ಮನೆ ಎಂದಿಟ್ಟುಕೊಂಡರೂ ಮೂವತ್ತು ಲಕ್ಷ ಪೌಂಡಿನ ಮನೆಗೆ 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ದರದಂತೆ ಸ್ಟ್ಯಾಂಪ್ ಡ್ಯೂಟಿ 2,73,750 ಪೌಂಡ್ ಆಗುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿಮ್ಮ ಹೆಸರಿನಲ್ಲಿ ಬೇರೆ ಮನೆಯಿದ್ದರೆ ಹೆಚ್ಚುವರಿ ಶೇಕಡಾ 5 ಬೀಳಬಹುದು, ವಿದೇಶದ ಮನೆಯೂ ಆ ಲೆಕ್ಕಕ್ಕೆ ಬರುತ್ತದೆ. ಇದಕ್ಕಿಂತ ಮೊದಲು ವಕೀಲರಿಗೆ ಹೇಳಿ ಒಂದು ಕಾಗದವನ್ನು ಕೇಳಿಸಿ: ಹಿಂದಿನವರು ಹಿತ್ತಲಿನ ಕಡೆ ಅಡುಗೆಮನೆ ದೊಡ್ಡದು ಮಾಡಿಸಿದ್ದರೆ ಅದಕ್ಕೆ ಕೌನ್ಸಿಲ್ಲಿನ ಪರವಾನಗಿಯ ಜೊತೆಗೆ ಟ್ರಸ್ಟಿನ ಲಿಖಿತ ಒಪ್ಪಿಗೆಯೂ ಇದೆಯೇ ಎಂಬುದನ್ನು. ಆ ಕಾಗದ ಇಲ್ಲದಿದ್ದರೆ, ಅವರು ಮಾಡಿಟ್ಟ ಎಡವಟ್ಟಿಗೆ ಮುಂದೆ ಉತ್ತರ ಹೇಳಬೇಕಾದವರು ನೀವೇ ಆಗಬಹುದು.